ಸವತಿಯ ಹಣೆ

ಪಿರಿಯಾಪಟ್ಟಣದ ಬಸ್ಸಿನಲ್ಲಿ ಪದ್ಮಶ್ರೀ ಚೀಲವನ್ನು ಕಾಲ ಬಳಿ ಇಡಲಿಲ್ಲ. ಹುಣಸೂರಿನಿಂದ ಉದ್ದಕ್ಕೂ ತೊಡೆಯ ಮೇಲೆಯೇ ಹಿಡಿದು ಕೂತಳು. ಒಳಗೆ ಅಂಗೈಗಿಂತ ತುಸು ಅಗಲದ, ಹಳೆಯ ಕಂಪ್ಯೂಟರಿನ ಒಂದು ಕಪ್ಪು ಫ್ಲಾಪಿ ಇತ್ತು. ಅದರಲ್ಲಿ ಅವಳ ಅಪ್ಪನ ಕೊನೆಯ ಮಾತಿತ್ತು.

ಅಪ್ಪ ಚೆಲುವರಾಜು ಕೆ.ಆರ್. ನಗರದಲ್ಲಿ ಗಣಿತದ ಮೇಷ್ಟ್ರಾಗಿದ್ದರು. ತೊಂಬತ್ತನೇ ಇಸವಿಯಲ್ಲಿ, ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ಹತ್ತಿಯ ಹಾಸಿಗೆಯಲ್ಲಿ ಸುತ್ತಿ ಮೈಸೂರಿನಿಂದ ಟೆಂಪೋದಲ್ಲಿ ತಂದರು. ಆ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲದ್ದು. ಮನೆಗಿದ್ದ ಒಂದೇ ಫ್ಯಾನು ಅಂದಿನಿಂದ ಅದರ ಕಡೆ ತಿರುಗಿತು. ಅದು ಓಡುವಾಗ ಮಿಕ್ಸಿ ಹಾಕುವಂತಿರಲಿಲ್ಲ. ಒಗ್ಗರಣೆಯ ಹೊಗೆ ತಾಕೀತೆಂದು ಅಮ್ಮ ಸುನಂದಮ್ಮ ಒಲೆಯನ್ನೇ ಹಿತ್ತಲಿಗೆ ಸಾಗಿಸಿದ್ದಳು. ನೋಡಲು ಬಂದವರಿಗೆಲ್ಲ ಅವಳದು ಒಂದೇ ಮಾತು: “ನನ್ ಸವತಿ ಒಳಗವ್ಳೆ. ಚಪ್ಲಿ ಬುಟ್ಟು ಬನ್ನಿ, ಅವ್ಳ್ಗೆ ಧೂಳಾಗಾಕಿಲ್ಲ.”

ಮೂರನೇ ವರ್ಷ ಅಪ್ಪನ ಗಂಟಲಿಗೆ ಕ್ಯಾನ್ಸರ್ ಬಂದು ಮಾತು ನಿಂತಿತು. ಕೊನೆಯ ತಿಂಗಳೆಲ್ಲ ಅವರು ಆ ಸವತಿಯ ಮುಂದೆ ಕೂತು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟಿದರು. ಒಂದು ಸಂಜೆ ಫ್ಲಾಪಿ ತೆಗೆದು ಅಮ್ಮನ ಕೈಗಿಟ್ಟು, ತಮ್ಮ ಎದೆ ಮುಟ್ಟಿ, ಅವಳ ಕಡೆ ಬೆರಳು ತೋರಿಸಿದರು. ಅವರು ಹೋದ ಹದಿನೈದು ದಿನಕ್ಕೆ ಸಿಡಿಲು ಬಡಿದು ಕಂಪ್ಯೂಟರ್ ಸುಟ್ಟಿತು. ಅದು ಗುಜರಿಗೆ ಹೋಯಿತು, ಫ್ಲಾಪಿ ದೇವರ ಗೂಡು ಸೇರಿತು. ಅದನ್ನು ಓದುವ ಯಂತ್ರಗಳಿದ್ದಾಗ ಅಮ್ಮ ಕೈಬಿಟ್ಟು ಕೊಡಲಿಲ್ಲ. ಕೊಡಲು ಮನಸ್ಸು ಮಾಡುವ ಹೊತ್ತಿಗೆ ಯಂತ್ರಗಳಿರಲಿಲ್ಲ. ಈಗ ಎದೆನೋವು ಶುರುವಾದ ಮೇಲೆ, “ಏನ್ ಬರುದ್ರೋ, ಕಣ್ ಮುಚ್ಚೋಕ್ ಮುಂಚೆ ಕೇಳ್ಬುಡ್ತೀನಿ ಕಣವ್ವ” ಎಂದು ಹಟ ಹಿಡಿದಿದ್ದಳು.

ಪಿರಿಯಾಪಟ್ಟಣದಲ್ಲಿ ಹಿಂದೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ರಘು ಹಳೆಯ ಯಂತ್ರಗಳನ್ನು ಇನ್ನೂ ಕಾಪಾಡಿಕೊಂಡಿದ್ದ. ಕಾಗದದ ಚೀಲದಿಂದ ಫ್ಲಾಪಿ ಎಳೆದವನು ಹಾಗೆಯೇ ನಿಂತ.

“ಇದೇನ್ ಮೇಡಂ, ಕೆಂಪಗದೆ?”

“ಕುಂಕುಮ. ಪ್ರತಿ ಆಯುಧಪೂಜೆಗೂ ಅಮ್ಮ ಇಡ್ತಾರೆ.”

“ನಾವೂ ಸ್ಪ್ಯಾನರ್ರಿಗೆಲ್ಲ ಇಕ್ತೀವಿ ಬುಡಿ. ಆದ್ರೆ ಈ ಸೀಳಿಗಾ? ಮಷೀನು ಇಲ್ಲಿಂದ್ಲೇ ಓದೋದು. ಇದು ಅದರ ಬಾಯಿ ಕಣ್ರೀ!”

ಪದ್ಮಶ್ರೀಗೆ ನೆನಪಾಯಿತು. ಅಪ್ಪ ತೀರಿಕೊಂಡ ವರ್ಷದ ಆಯುಧಪೂಜೆ. ಅಮ್ಮ ತಾನು ಇಟ್ಟುಕೊಳ್ಳುವುದನ್ನು ಬಿಟ್ಟ ಕುಂಕುಮವನ್ನು ನೀರಲ್ಲಿ ಕಲೆಸಿ, “ಎಲ್ಲಾ ಕರ್ರಗದೆ, ಎಲ್ಲಿಗಿಕ್ಕನವ್ವ?” ಎಂದು ಕೇಳಿದ್ದಳು. ಹತ್ತು ವರ್ಷದ ಪದ್ಮಶ್ರೀ, ಕಪ್ಪು ಕವಚದ ನಡುವೆ ಮಿನುಗುವ ಆ ಉದ್ದನೆಯ ಸೀಳನ್ನು ತೋರಿಸಿ, “ಇದೇ ಅದರ ಹಣೆ” ಎಂದಿದ್ದಳು. ಅಮ್ಮ ಮತ್ತೆ ಕೇಳಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಅದೇ ಜಾಗ, ಅದೇ ಒದ್ದೆ ಬೆರಳು.

ರಘು ಸ್ಪಿರಿಟ್ಟು, ಹತ್ತಿ ಹಿಡಿದು ಎರಡು ಗಂಟೆ ಒರೆಸಿದ. ಯಂತ್ರ ನರಳಿಕೊಂಡು ಹೆಸರುಗಳನ್ನು ತೋರಿಸಿತು. ಎಲ್ಲ ಶಾಲೆಯ ಅಂಕಪಟ್ಟಿಗಳು. ಕೊನೆಯದರ ಹೆಸರು ಸುನಂದಾ. ಅದರ ಮುಂದೆ ಗಾತ್ರ: ಹನ್ನೊಂದು ಸಾವಿರ ಅಕ್ಷರ.

ತೆರೆಯಲು ಹೋದರೆ ಯಂತ್ರ ಕಿರಗುಟ್ಟಿತು. ಓದಲಾಗುತ್ತಿಲ್ಲ, ಮತ್ತೆ ಪ್ರಯತ್ನಿಸಲೇ ಎಂದು ಕೇಳಿತು. ರಘು ಹೂಂ ಒತ್ತಿದ. ಮತ್ತೆ ಕೇಳಿತು. ಮತ್ತೆ ಒತ್ತಿದ. ಪದ್ಮಶ್ರೀ ಎಣಿಸುವುದನ್ನು ಬಿಟ್ಟ ಮೇಲೂ ಅದು ಕೇಳುತ್ತಲೇ ಇತ್ತು.

“ಅಂಚಲ್ಲಿರೋದು ಉಳ್ಕಂಡದೆ ಮೇಡಂ. ನಡುವಿಂದು, ಈ ಸುನಂದಾ ಅನ್ನೋದು, ಹೋಗ್ಬುಟ್ಟದೆ,” ಎಂದ ರಘು. ಬರಿಗೈಲಿ ಕಳಿಸಲಾರದೆ ಎಂಟನೇ ಬಿ ವಿಭಾಗದ ಅಂಕಪಟ್ಟಿಯನ್ನು ಪ್ರಿಂಟ್ ತೆಗೆದುಕೊಟ್ಟ.

ವಾಪಸು ಬರುವಾಗ ಪದ್ಮಶ್ರೀ ಒಂದು ಸುಳ್ಳು ಪತ್ರವನ್ನು ಮನಸ್ಸಿನಲ್ಲೇ ಕಟ್ಟಿ ನೋಡಿದಳು. ಒಂದು ಸಾಲೂ ಅಪ್ಪನಂತೆ ಕೇಳಲಿಲ್ಲ. ಮನೆಯಲ್ಲಿ ಅಮ್ಮ ತಲೆ ಬಾಚಿ, ಒಳ್ಳೆಯ ಸೀರೆಯುಟ್ಟು ಕಾದಿದ್ದಳು. ಪದ್ಮಶ್ರೀ ಚಪ್ಪಲಿ ಬಿಡುವ ಮೊದಲೇ ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

“ಅಂಗಾರೆ ನಾನೇ ಅವ್ರ ಬಾಯಿ ಮುಚ್ಬುಟ್ನಾ?”

“ನೀನಲ್ಲಮ್ಮ. ಹಣೆ ಅಂತ ತೋರಿಸಿದ್ದು ನಾನು.”

ಅಲ್ಲ ಎಂದು ಅಮ್ಮ ಹೇಳಲಿಲ್ಲ. ಕುಂಕುಮ ಇಡುವ ತನ್ನ ಉಂಗುರದ ಬೆರಳನ್ನು ಬಹಳ ಹೊತ್ತು ನೋಡಿದಳು.

“ಎಷ್ಟು ಬರುದಿದ್ರಂತೆ?”

“ಹನ್ನೊಂದು ಸಾವಿರ ಅಕ್ಷರ.”

“ಅಷ್ಟೊಂದಾ? ಬಾಯಿದ್ದಾಗ್ಲೂ ನನ್ತಾವ ಅಷ್ಟು ಮಾತಾಡ್ನಿಲ್ಲ.” ಮಗಳ ಕೈಯಲ್ಲಿದ್ದ ಕಾಗದದ ಕಡೆ ನೋಡಿ ಕೇಳಿದಳು, “ಕೈಲಿರೋದೇನು?”

“ಎಂಟನೇ ಬಿ. ಅಂಕಗಳು.”

“ಅವ್ರು ಕುಟ್ಟಿದ್ದೇ ತಾನೆ? ಓದು.”

ಪದ್ಮಶ್ರೀ ಹೊಸ್ತಿಲಲ್ಲೇ ಕೂತು ಕಾಗದ ಬಿಡಿಸಿದಳು. “ಕಂಠಪ್ಪ, ಮೂವತ್ತೈದು. ಪ್ರಿಯಾ, ಅರವತ್ತೆರಡು. ಚಿಕ್ಕಸಿದ್ದಮ್ಮ, ಗೈರುಹಾಜರು…”

“ನಿಧಾನಕ್ಕೋದವ್ವ,” ಅಂದಳು ಅಮ್ಮ. “ಬಿರ್ರನೆ ಮುಗುಸ್ಬೇಡ.”