ಅರ್ಧ ಗಡ್ಡದ ಅಧ್ಯಕ್ಷರು

ನಮ್ಮ ಯಜಮಾನರು ಓದದೆ ಯಾವುದಕ್ಕೂ ಒಪ್ಪುವವರಲ್ಲ. ಬಿಸ್ಕತ್ತಿನ ಪೊಟ್ಟಣದ ಹಿಂದಿನ ಸಣ್ಣಕ್ಷರಗಳನ್ನು ಭೂತಗನ್ನಡಿ ಹಿಡಿದು ಅವರು ಓದಿ ಮುಗಿಸುವಷ್ಟರಲ್ಲಿ ನನ್ನ ಚಹಾ ತಣ್ಣಗಾಗಿರುತ್ತದೆ. ಮದುವೆಗೆ ಮೊದಲು ನನ್ನನ್ನೂ ಹೀಗೆಯೇ ಪ್ರಶ್ನೆ ಕೇಳಿ ಕೇಳಿ ಹಣ್ಣು ಮಾಡಿದ್ದರು. ಇಂಥವರು ಬಳಕೆದಾರರ ಸಂಘದ ಅಧ್ಯಕ್ಷರಾಗದೆ ಇನ್ನೇನಾಗಬೇಕು? ಸಂಘದಲ್ಲಿ ಈಗ ಉಳಿದಿರುವುದು ಇವರು ಮತ್ತು ಕಾರ್ಯದರ್ಶಿಯಾದ ಡ್ರಾಯಿಂಗ್ ಮೇಷ್ಟ್ರು. ಮಿಕ್ಕವರೆಲ್ಲ ಇವರ ಭಾಷಣಕ್ಕೆ ಹೆದರಿ ಬಿಟ್ಟುಹೋದರು.

ಇನ್ನೊಂದು ಕಾಯಿಲೆಯೂ ಇದೆ: ಸುಳ್ಳು ಹೇಳಲು ಬರುವುದಿಲ್ಲ. ಹೊಸ ಬಟ್ಟೆ ಹಾಕಿಕೊಂಡು ಹೇಗಿದೆ ಎಂದು ಕೇಳಿದರೆ ಹೇಗಿದೆಯೋ ಹಾಗೆಯೇ ಹೇಳಿಬಿಡುತ್ತಾರೆ. ನಾನು ಕೇಳುವುದನ್ನೇ ಬಿಟ್ಟಿದ್ದೇನೆ.

ಆವತ್ತು ಬೆಳಿಗ್ಗೆ ನನ್ನ ತಮ್ಮನ ಫೋನು ಬಂತು. "ಅಕ್ಕಾ, ಬೇಗ ಬಾ. ಭಾವ ಮೇಲಕ್ಕೆ ಹೋಗ್ಬಿಟ್ಟಿದಾರೆ."

ಚಪ್ಪಲಿ ಮೆಟ್ಟಿದೆನೋ ಇಲ್ಲವೋ, ಓಡಿದೆ. ಹೋಗಿ ನೋಡಿದರೆ ಯಜಮಾನರು ನಿಜವಾಗಿಯೂ ಮೇಲಿದ್ದರು. ತಮ್ಮನ ಕಟಿಂಗ್ ಶಾಪಿನ ಕುರ್ಚಿ ಆಳೆತ್ತರಕ್ಕೆ ಏರಿ ನಿಂತಿತ್ತು. ಅದರ ಮೇಲೆ, ಫ್ಯಾನಿನ ಕೆಳಗೆ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಎಡಗೆನ್ನೆ ನುಣ್ಣಗೆ, ಬಲಗೆನ್ನೆ ತುಂಬ ಒಣಗಿದ ನೊರೆ ಇಟ್ಟುಕೊಂಡು ಅಧ್ಯಕ್ಷರು ಕೂತಿದ್ದರು. ರೆಕ್ಕೆ ತಲೆಗೆ ಬಡಿದೀತೆಂದು ನನ್ನ ತಮ್ಮ ಫ್ಯಾನು ಆರಿಸಿದ್ದ.

ತಮ್ಮ ಎಷ್ಟೋ ವರ್ಷ ಬೇರೆಯವರ ಅಂಗಡಿಯಲ್ಲಿ ಕತ್ತರಿ ಆಡಿಸಿ, ಈಗಷ್ಟೇ ಸ್ವಂತದ್ದು ತೆರೆದಿದ್ದ. ಮಾಮೂಲಿ ಕುರ್ಚಿ ಬೇಡವೆಂದು ಮಾತಾಡುವ ಕುರ್ಚಿ ತಂದಿದ್ದ. ಅದು ಗಿರಾಕಿಯ ಮುಖ ನೋಡಿ ಎತ್ತರ ಸರಿಪಡಿಸಿಕೊಳ್ಳುತ್ತದೆ, ಬೆನ್ನು ಒತ್ತುತ್ತದೆ, ಹವಾಮಾನವನ್ನೂ ಹೇಳುತ್ತದೆ. ಅಂಗಡಿಯಲ್ಲಿದ್ದ ಕುರ್ಚಿ ಅದೊಂದೇ.

"ನಮ್ಮ ನಿಯಮಗಳು ಬದಲಾಗಿವೆ," ಎಂದಿತು ಕುರ್ಚಿ, ಸಕ್ಕರೆಯಂಥ ಹೆಣ್ಣುದನಿಯಲ್ಲಿ. "ಆಸೀನರಾದವರು ಕನ್ನಡಿಯಲ್ಲಿ ಓದಿ, ಒಪ್ಪಿಗೆಯಿದ್ದರೆ ತಲೆಯಾಡಿಸಿ. ಅಲ್ಲಿಯವರೆಗೆ ಕುರ್ಚಿ ಮೇಲೆಯೇ ಇರುತ್ತದೆ. ನೀವಾಗಿ ಇಳಿದರೆ ನಿರಾಕರಿಸಿದಂತೆ. ನಿರಾಕರಿಸಿದರೆ ಈ ಕುರ್ಚಿ ಶಾಶ್ವತವಾಗಿ ಕೆಲಸ ನಿಲ್ಲಿಸುತ್ತದೆ."

ಬಟ್ಟೆಯೊಳಗೆ ಗಿರಾಕಿಯ ಕೈ ಸಿಕ್ಕಿಕೊಂಡಿರುತ್ತದಲ್ಲ, ಅದಕ್ಕೇ ತಲೆಯಾಡಿಸುವ ಏರ್ಪಾಡಂತೆ. ಎಂಥ ಕಾಳಜಿ!

"ತಲೆ ಆಡಿಸಿ ಮುಗಿಸ್ರೀ," ಎಂದೆ.

"ಹೇಗೆ ಆಡಿಸ್ಲಿ? ಕಲಂ ಓದು. ಈ ಕನ್ನಡೀಲಿ ಕಾಣೋ ನನ್ನ ಮುಖ ಕಂಪನಿಯ ಸ್ವತ್ತಂತೆ. ನಾಳೆ ಈ ಅರ್ಧ ಗಡ್ಡಾನ ಜಾಹೀರಾತಿಗೆ ಹಾಕಿದ್ರೂ ನಾನು ಕೇಳೋ ಹಾಗಿಲ್ಲ. ಬಳಕೆದಾರರ ಸಂಘದ ಅಧ್ಯಕ್ಷನ ಮುಖ ಕಣೆ ಇದು!"

"ಹಾಗಾದ್ರೆ ಇಳೀರಿ."

ಅವರು ಕೆಳಗೆ ನೋಡಿದರು. ನನ್ನ ತಮ್ಮ ಗೋಡೆಗೊರಗಿ, ಕೈಯಲ್ಲಿ ಕ್ಷೌರದ ಕತ್ತಿ ಹಿಡಿದು ನಿಂತಿದ್ದ. ಕಣ್ಣು ತುಂಬಿತ್ತು. "ಭಾವ ಇಳಿದ್ರೆ ನನ್ನ ಅಂಗಡಿ ಮುಗೀತು ಅಕ್ಕಾ," ಎಂದ.

"ನಾನು ಇಳಿಯಲ್ಲ ಕಣೋ," ಎಂದರು ಯಜಮಾನರು. ಒಪ್ಪುವುದೂ ಇಲ್ಲ, ಇಳಿಯುವುದೂ ಇಲ್ಲ. ಕೂತೇಬಿಟ್ಟರು.

ನಿಯಮಗಳಲ್ಲಿ ಎಲ್ಲಾದರೂ ಒಂದು ಕಿಂಡಿ ಸಿಕ್ಕೀತು ಎಂದು ಗಟ್ಟಿಯಾಗಿ ಓದತೊಡಗಿದರು. ಕೊನೆಯ ಪುಟ ತಲುಪಿದ್ದೇ ತಡ, ಕುರ್ಚಿ ಉಲಿಯಿತು: "ನೀವು ಓದುತ್ತಿದ್ದಾಗ ನಿಯಮಗಳು ಮತ್ತೆ ಬದಲಾಗಿವೆ. ದಯವಿಟ್ಟು ಮೊದಲಿನಿಂದ ಓದಿ." ನನಗೆ ಮೈಯೆಲ್ಲ ಉರಿಯಿತು. ಯಜಮಾನರು ಮಾತ್ರ ಮೊದಲಿನಿಂದ ಓದಿದರು. ಗಿರಾಕಿಗಳು ಬಾಗಿಲಲ್ಲಿ ಇಣುಕಿ, ಮೇಲೆ ನೋಡಿ, ಎದುರಿನ ಅಂಗಡಿಗೆ ಹೋದರು.

ಮಧ್ಯಾಹ್ನ ಮೇಷ್ಟ್ರು ಬಂದು ತುರ್ತು ಸಭೆ ಕರೆದರು. ಅಧ್ಯಕ್ಷರು ಮೇಲೆ, ಕಾರ್ಯದರ್ಶಿ ಕೆಳಗೆ. ಕುರ್ಚಿಯನ್ನು ಖಂಡಿಸುವ ನಿರ್ಣಯವನ್ನು ಕುರ್ಚಿಯಲ್ಲೇ ಕೂತು ಮಂಡಿಸಿದರು. ಕುರ್ಚಿ "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಎಂದು ಬೆನ್ನು ಒತ್ತಿತು.

ಆ ಒತ್ತುವಿಕೆಯೇ ಮುಳುವಾಯಿತು. ಫ್ಯಾನಿಲ್ಲದ ಸೆಕೆ, ಊಟವಾದ ಹೊತ್ತು, ಬೆನ್ನಿಗೆ ಹಿತವಾದ ಒತ್ತಡ. ಯಜಮಾನರ ಕಣ್ಣು ಮುಚ್ಚಿತು. ಅವರ ನಿದ್ದೆ ಗೊರಕೆಯಿಂದಲೇ ಶುರುವಾಗುವಂಥದ್ದು, ಲಾರಿ ಚಾಲೂ ಮಾಡಿದ ಹಾಗೆ. ಗೊರಕೆಯೊಂದಿಗೆ ತಲೆ ಎದೆಯ ಕಡೆಗೆ ವಾಲತೊಡಗಿತು.

"ಹಿಡೀರೀ! ತೂಕಡಿಸಿದ್ರೂ ಒಪ್ಪಿಗೆ ಅಂದ್ಕೊಳ್ಳುತ್ತೆ!" ಎಂದು ಮೇಷ್ಟ್ರು ಚೀರಿದರು. ನನ್ನ ತಮ್ಮ ಸ್ಟೂಲು ಹತ್ತಿ ಗದ್ದ ಹಿಡಿದುಕೊಂಡ. ಅಲ್ಲಿಂದ ನಮ್ಮ ಕೆಲಸ ಅಧ್ಯಕ್ಷರ ತಲೆ ಕಾಯುವುದಾಯಿತು. ಪಾಳಿಯ ಮೇಲೆ ಒಬ್ಬೊಬ್ಬರು ಹತ್ತಿ ಗದ್ದ ಎತ್ತಿ ಹಿಡಿಯುವುದು.

ನನ್ನ ತಮ್ಮ ಕೈ ಬಿಟ್ಟಿದ್ದರೆ ಸಾಕಿತ್ತು, ಅಂಗಡಿ ಉಳಿಯುತ್ತಿತ್ತು. ಪೆದ್ದ, ಬಿಡಲಿಲ್ಲ. ಭಾವನ ಮರ್ಯಾದೆಯನ್ನು ಅಂಗೈಯಲ್ಲಿ ಹಿಡಿದವನಂತೆ, ತೋಳು ಸೋತರೂ ನಿಂತೇ ಇದ್ದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಮುದ್ದೂ ಬಂತು.

ನನ್ನ ಪಾಳಿ ಬಂತು. ಮೇಷ್ಟ್ರು ಬೆಂಚಿನ ಮೇಲೆ ಕಣ್ಣು ಮುಚ್ಚಿದ್ದರು. ತಮ್ಮ ಹೊಸ್ತಿಲಲ್ಲಿ ಕೂತು ಎದುರಿನ ಅಂಗಡಿಯ ಗಿರಾಕಿಗಳನ್ನು ನೋಡುತ್ತಿದ್ದ. ಸ್ಟೂಲಿನ ಮೇಲೆ ನಿಂತಾಗ ಯಜಮಾನರ ಮುಖ ನನ್ನ ಮುಖದ ಹತ್ತಿರವೇ ಇತ್ತು. ಎಚ್ಚರವಾಗಿದ್ದರು. ಅವರೂ ಹೊಸ್ತಿಲ ಕಡೆಗೇ ನೋಡುತ್ತಿದ್ದರು.

"ನಿಂಗೆ ಕೈ ನೋಯ್ತಿರಬೇಕು," ಎಂದರು ಮೆಲ್ಲಗೆ.

"ಇಲ್ಲಾರೀ."

"ನೋಯ್ತಿದೆ. ತೆಗಿ. ನಂಗೆ ನಿದ್ದೆ ಬರ್ತಾ ಇದೆ."

ಕೈ ತೆಗೆದೆ. ಅವರು ಕಣ್ಣು ಮುಚ್ಚಿದರು. ಗೊರಕೆ ಬರಲಿಲ್ಲ. ಉಸಿರನ್ನೂ ಬಿಗಿಹಿಡಿದಿದ್ದರು. ತಲೆ ನಿಧಾನವಾಗಿ ಕೆಳಗೆ ಹೋಯಿತು, ನಿಧಾನವಾಗಿ ಮೇಲೆ ಬಂತು.

"ಒಪ್ಪಿಗೆಗೆ ಧನ್ಯವಾದ," ಎಂದು ಕುರ್ಚಿ ಇಳಿಯಿತು.

ತಮ್ಮ ಓಡಿಬಂದು ಭಾವನನ್ನು ಅಪ್ಪಿಕೊಂಡ. ಒಣಗಿದ ನೊರೆಯೆಲ್ಲ ಅವನ ಅಂಗಿಗೆ ಮೆತ್ತಿತು. ಸದ್ದಿಗೆ ಮೇಷ್ಟ್ರು ಎದ್ದು ಕೂತರು. "ಅಯ್ಯೋ, ಒಪ್ಪಿಬಿಟ್ರಾ? ನಿದ್ದೆಗಣ್ಣಲ್ಲಿ ಆಗಿದ್ರೆ ಅದು ಒಪ್ಪಿಗೇನೇ ಅಲ್ಲ, ಕೇಸು ಹಾಕೋಣ. ಅಧ್ಯಕ್ಷರೇ, ನೀವು ನಿದ್ದೇಲಿದ್ರಿ ತಾನೇ?"

ಯಜಮಾನರು ಬಾಯಿ ತೆರೆದರು, ಮುಚ್ಚಿದರು. ನನ್ನ ಕಡೆ ನೋಡಿದರು. ಇಷ್ಟು ವರ್ಷದಲ್ಲಿ ಆ ಮುಖ ನನ್ನಲ್ಲಿ ಏನನ್ನೂ ಬೇಡಿದ್ದನ್ನು ನಾನು ಕಂಡಿರಲಿಲ್ಲ.

"ನಿದ್ದೇನಾ! ನಂಗೆ ಹಿಡಿಯೋಕೂ ಆಗ್ಲಿಲ್ಲ ಮೇಷ್ಟ್ರೇ, ಅಂಥಾ ಗೊರಕೆ," ಎಂದೆ.

"ಕ್ಷಮಿಸಿ," ಎಂದಿತು ಕುರ್ಚಿ. "ಒಪ್ಪಿಗೆಯ ಸಮಯದಲ್ಲಿ ಗೊರಕೆ ದಾಖಲಾಗಿಲ್ಲ."

ತಮ್ಮ ನನ್ನನ್ನು ನೋಡಿದ, ಭಾವನನ್ನು ನೋಡಿದ. ಅವನಿಗೆ ಅರ್ಥವಾಯಿತು. ಒದ್ದೆ ಟವೆಲ್ಲನ್ನು ತೆಗೆದು ಕುರ್ಚಿಯ ಬಾಯಿಗೆ ಹೊದಿಸಿ, ಭಾವನ ಬಲಗೆನ್ನೆಗೆ ಹೊಸ ನೊರೆ ಹಚ್ಚತೊಡಗಿದ.

"ಅದಕ್ಕೆ ಕಿವಿ ಸರಿಯಾಗಿ ಕೇಳಿಸಲ್ಲ ಮೇಷ್ಟ್ರೇ," ಎಂದರು ನಮ್ಮ ಯಜಮಾನರು, ಕನ್ನಡಿಯತ್ತ ನೋಡದೆ. ನೊರೆಯ ಮೇಲಿಂದ ಅವರ ಕಿವಿಗಳು ಕೆಂಪಗೆ ಕಾಣುತ್ತಿದ್ದವು.