ಗಂಗಾಬಾಯಿಯ ಹೆಸರಿನಲ್ಲಿದ್ದ ಮನೆ

ಮುದುಕನಿಗೆ ಮರೆವು ಬಂದಿದೆ, ಊರಿಗೆ ಊರು ಅದಲುಬದಲು ಮಾಡುತ್ತಾನೆ ಎಂದು ನಮ್ಮ ಫೋನಿನ ಗುಂಪಿನಲ್ಲಿ ಬರೆದವರು ಯಾರೆಂದು ನನಗೆ ಗೊತ್ತು. ನಿನ್ನೆ ಉಂಡ ಪಲ್ಯ ನಿಮಗೆ ನೆನಪಿಲ್ಲ. ನಿಮ್ಮ ಮದುವೆಯಲ್ಲಿ ಬಡಿಸಿದ ಪಲ್ಯ ಕೂಡ ನನಗೆ ನೆನಪಿದೆ, ಉಪ್ಪು ಹೆಚ್ಚಾಗಿತ್ತು. ಫೋನಿನ ಆಟದ ಸಂಗತಿ ಇವನಿಗೇನು ತಿಳಿದೀತು ಎನ್ನುವವರೂ ಬಾಯಿ ಮುಚ್ಚಿ. ವಿಶಾಖಾ ಎಂಬ ಹುಡುಗಿ, ಆಡಿದವಳೇ, ನನ್ನೆದುರು ಕುಳಿತು, ಫೋನು ತೋರಿಸಿ ತೋರಿಸಿ ಮೂರು ಸಲ ಹೇಳಿದ್ದಾಳೆ. ಈಗ ಅಡ್ಡ ಮಾತಾಡದೆ ಈ ವಾಯ್ಸ್ ಮೆಸೇಜು ಕೊನೆತನಕ ಕೇಳಿ.

ಏಳುಕೋಟೆ ಎಂಬ ಆಟ. ಲಕ್ಷಗಟ್ಟಲೆ ಜನ ತಂತಮ್ಮ ಫೋನಿನಲ್ಲೇ ಕೂಡಿ ಆಡುವಂಥದ್ದು. ಕತ್ತಿ, ಕುದುರೆ, ರಾಕ್ಷಸ, ಎಲ್ಲ ಇದೆ. ಅದರೊಳಗೆ ಓಣಿಗಳಿವೆ, ಒಂದು ಓಣಿಗೆ ಮೂವತ್ತೇ ಪ್ಲಾಟು. ಆಡುವವರು ಎಷ್ಟೇ ಹೆಚ್ಚಲಿ, ಕಂಪನಿಯವರು ಮೂವತ್ತೊಂದನೆಯದನ್ನು ಮಾಡುವುದಿಲ್ಲ. ಇಲ್ಲದ ನೆಲಕ್ಕೆ ಜಾಗದ ಬರ ಯಾಕೆ ಎಂದು ನಾನೂ ಕೇಳಿದೆ. ಎಲ್ಲರಿಗೂ ಸಿಕ್ಕರೆ ಯಾರಿಗೂ ಬೇಡವಾಗುತ್ತದಂತೆ! ಒಬ್ಬರ ಹೆಸರಿಗೆ ಒಂದೇ ಮನೆ. ಮಾಲೀಕ ನಲವತ್ತೈದು ದಿನ ಆ ಮನೆಯ ಹೊಸ್ತಿಲು ತುಳಿಯದಿದ್ದರೆ ಅದು ತಾನೇ ನೆಲಸಮ. ಅಲ್ಲೊಂದು ಹಲಗೆ ಏಳುತ್ತದೆ. ಆಮೇಲಿನ ಆರು ತಾಸಿನಲ್ಲಿ ಯಾವುದೋ ಒಂದು ಕ್ಷಣ, ಯಾರಿಗೂ ಹೇಳದೆ, ಪ್ಲಾಟು ತೆರೆದುಕೊಳ್ಳುತ್ತದೆ. ಆಗ ಹಲಗೆ ಒತ್ತಿದವರದು ಮನೆ. ಅಂದರೆ ಮುಂದೆ ನಿಂತು ಒತ್ತುತ್ತಲೇ ಇರಬೇಕು, ಬೆರಳು ಸೆಟೆದರೂ.

ವಿಶಾಖಾ ಟಿಕೋಟಾದವಳು. ಪೇಟೆಯ ಜಲನಗರ ಬಡಾವಣೆಯ ಒಂದು ದವಾಖಾನೆಯಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ. ಅಲ್ಲೇ ಹತ್ತಿರ ಬಾಡಿಗೆ ಮನೆ ಹುಡುಕಿದಳು. ನಾಲ್ಕು ಕಡೆ ಖಾಲಿಯಿದ್ದ ಮನೆ, ಅಡ್ಡಹೆಸರು ಕೇಳಿದ ಮೇಲೆ ಮಾಲೀಕರ ತಮ್ಮನ ಮಗನಿಗೆ ಬೇಕಾಗಿಬಿಟ್ಟಿತು. ಕೊನೆಗೆ ಸೊಲ್ಲಾಪುರ ರಸ್ತೆಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜಿನ ಮೇಲಿನ ಖೋಲಿ ಹಿಡಿದಳು. ಅಂಥವಳಿಗೆ ಆಟದ ಓಣಿಯಲ್ಲಿ ತನ್ನದೊಂದು ಬಾಗಿಲು ಬೇಕೆನಿಸಿತು. ಅಷ್ಟೇ ಬೇಕಿತ್ತು. ನಗುವವರು ನಗಿ, ನಿಮಗೆ ಸ್ವಂತ ಮನೆ ಇದೆ.

ಅವಳು ಆಡುತ್ತಿದ್ದ ತಂಡಕ್ಕೆ ಸುಧೀರ ಎಂಬವನು ಮುಖ್ಯಸ್ಥ. ಯಾವುದೋ ಕಚೇರಿಯಲ್ಲಿ ಎಂಜಿನಿಯರ್, ಜಲನಗರದಲ್ಲೇ ಮನೆ. ಆಟದ ಓಣಿಯ ಮೂವತ್ತೂ ಮನೆ ಅವನ ತಂಡದವರವು, ಅದರಲ್ಲಿ ಒಂಬತ್ತು ಅವನವೇ. ಒಬ್ಬರಿಗೆ ಒಂದೇ ಅಲ್ಲವೇ ಎಂದು ಕೇಳುತ್ತೀರಿ. ಊರಲ್ಲಿ ಸೈಟು ಹಂಚುವಾಗ ಮನೆಮಂದಿಯ ಹೆಸರಿನಲ್ಲೆಲ್ಲ ಅರ್ಜಿ ಹಾಕುವ ಜನ ಆಟಕ್ಕೆ ಬಂದರೆ ಬೇರೆ ಬುದ್ಧಿ ತರುತ್ತಾರೇನು? ಹೆಂಡತಿ ಅನುಜಾಳ ಹೆಸರಿಗೆ ಒಂದು, ಅಪ್ಪ ಶಿವಾನಂದನ ಹೆಸರಿಗೆ ಒಂದು, ಹೀಗೆ. ಮೂಲೆಯ ಎರಡಂತಸ್ತಿನ ಮನೆ ಮಾತ್ರ ಸೋದರತ್ತೆ ಗಂಗಾಬಾಯಿಯ ಹೆಸರಿನಲ್ಲಿತ್ತು. ಬಬಲೇಶ್ವರದಲ್ಲಿ ಬಳೆ ಅಂಗಡಿ ಇಟ್ಟ ಆ ಹೆಂಗಸಿಗೆ ಇದರ ಗಂಧಗಾಳಿಯೂ ಇಲ್ಲ. ಒಂದು ದಿನ ಅಣ್ಣನ ಮಗ ಬಂದು ಅವಳ ಫೋನು ಇಸಿದುಕೊಂಡು ಏನೋ ಒತ್ತಿ ಹೋಗಿದ್ದ.

ವಿಶಾಖಾ ಎರಡು ವರ್ಷ ಆ ತಂಡದಲ್ಲಿ ಗಾಯಾಳುಗಳನ್ನು ಬದುಕಿಸುವ ವೈದ್ಯಳಾಗಿ ಆಡಿದಳು. ಸುಧೀರನನ್ನೇ ನೂರು ಸಲ ಬದುಕಿಸಿದ್ದಾಳೆ. "ಮುಂದಿನ ಮನಿ ನಿಂದಽ" ಎನ್ನುತ್ತಿದ್ದ. ಆಮೇಲೆ ಒಮ್ಮೆ ತಂಡದವರೆಲ್ಲ ಸೊಲ್ಲಾಪುರ ರಸ್ತೆಯ ಖಾನಾವಳಿಯಲ್ಲಿ ಊಟಕ್ಕೆ ಕೂಡಿದರು.

"ಟಿಕೋಟಾದಾಗ ನಿಮ್ಮ ಮನಿ ಎಲ್ಲಿ ಬರತೈತಿ?" ಎಂದು ಕೇಳಿದ ಸುಧೀರ.

"ಬುದ್ಧವಿಹಾರದ ಬಾಜೂಕರಿ, ಅಣ್ಣಾರ."

"ಹಂಗೇನು" ಎಂದವನೇ ಮುರಿದ ರೊಟ್ಟಿ ತಾಟಿನಲ್ಲಿ ಇಟ್ಟು, ಒಂದು ಲೋಟ ನೀರು ಕುಡಿದ.

ಅದಾದ ಮೇಲೆ ಓಣಿಯಲ್ಲಿ ಎರಡು ಮನೆ ಖಾಲಿಯಾದವು. ಹಲಗೆ ಎದ್ದರೆ ಒತ್ತುವುದು ಯಾರೆಂದು ಸುಧೀರನೇ ಹೇಳುತ್ತಿದ್ದ, ಉಳಿದವರು ಮುಟ್ಟುತ್ತಿರಲಿಲ್ಲ. ಒಂದು, ವಾರದ ಹಿಂದೆ ತಂಡ ಸೇರಿದ್ದ ಅವನ ಕಚೇರಿಯ ಗೆಳೆಯನಿಗೆ ಹೋಯಿತು. ಇನ್ನೊಂದು ಅವನ ನಾದಿನಿಗೆ. ವಿಶಾಖಾ ಎಲ್ಲರೆದುರು ಕೇಳಿಯೇಬಿಟ್ಟಳು. ಎಲ್ಲರೆದುರು ಎಂದರೆ, ಆಡುವಾಗ ತಂಡದವರೆಲ್ಲ ಒಂದೇ ಕರೆಯಲ್ಲಿ ಮಾತಾಡುತ್ತಿರುತ್ತಾರೆ.

"ಓಣ್ಯಾಗ ಎಲ್ಲಾರೂ ಒಂದಽ ನಮೂನಿ ಮಂದಿ ಅದೇವಿ" ಎಂದ ಸುಧೀರ. "ಹೊಂದಿಕೊಂಡು ಹೋಗಬೇಕಾಗತೈತಿ, ತಿಳಕೋ."

"ಮೂವತ್ತ ಮನ್ಯಾಗ ಒಂಬತ್ತರಾಗ ನೀವಽ ಅದೀರಿ. ನಿಮ್ಮ ಜೋಡಿ ನೀವು ಹೊಂದಿಕೊಂಡೀರಿಲ್ಲೋ?"

ಕರೆಯಲ್ಲಿದ್ದ ನಿಖತ ಎಂಬ ಹುಡುಗಿ ಕಿಸಕ್ಕನೆ ನಕ್ಕಳು. ಅವಳದೂ ಅದೇ ಓಣಿಯಲ್ಲಿ ಒಂದು ಸಣ್ಣ ಮನೆ. ಬೇರೆ ಯಾರೂ ನಗಲಿಲ್ಲ.

ಇಷ್ಟರಲ್ಲಿ ಸುಧೀರ ಹೊಸ ಫೋನು ಕೊಂಡ. ಹೊಸ ಫೋನಿನಿಂದ ಒಳಗೆ ಹೋಗಬೇಕಾದರೆ ಯಾರ ಹೆಸರಿನ ಖಾತೆಯೋ ಅವರ ನಂಬರಿಗೆ ಓಟಿಪಿ ಬರುತ್ತದೆ. ಮನೆಯವರೆಲ್ಲ ಕೊಟ್ಟರು. ಅತ್ತೆಯದನ್ನು ನಾಳೆ, ನಾಳಿದ್ದು ಎಂದು ತಳ್ಳುತ್ತಾ ನಲವತ್ತೈದನೆಯ ದಿನದ ತನಕ ಬಂದ. ಅಂದು ಬಬಲೇಶ್ವರದಲ್ಲಿ ಸಂತೆ. ವಿಶಾಖಾಗೆ ರಜೆ, ಟಿಕೋಟಾದ ಮನೆಯಲ್ಲಿದ್ದಳು. ತಂಡದ ಕರೆ ನಡೆದಿತ್ತು. ಸುಧೀರ ತನ್ನ ಮೈಕ್ ಬಂದ್ ಮಾಡುವುದನ್ನು ಮರೆತು, ಇನ್ನೊಂದು ಫೋನಿನ ಸ್ಪೀಕರಿನಲ್ಲಿ ಅತ್ತೆಗೆ ಕರೆ ಹಚ್ಚಿದ. ಇಡೀ ತಂಡ ಕೇಳಿತು.

"ಅತ್ತೀ, ನಿನ್ನ ಫೋನಿಗೆ ಆರು ಅಂಕಿ ಬಂದಾವ ನೋಡು. ಅಷ್ಟ ಓದಿ ಹೇಳು."

"ಸಂತ್ಯಾಗ ಯಾವ ಅಂಕಿಯೋ? ಬಳಿ ಇಡಸಾಕತ್ತೇನಿ, ಆಮ್ಯಾಲೆ ಮಾಡು."

"ಲಗೂನ ಹೇಳು ಅತ್ತಿ. ಇಲ್ಲಂದ್ರ ನಿನ್ನ ಹೆಸರಿನ ಮನಿ ಹೋಗತೈತಿ."

ಅತ್ತ ಬಳೆಗಳ ಸದ್ದು ನಿಂತಿತು.

"ನನ್ನ ಹೆಸರೀಲೆ ಮನಿ ಐತಿ?"

"ಖರೇ ಮನಿ ಅಲ್ಲ. ಆಟದ್ದು."

"ಎಷ್ಟ ಅಂತಸ್ತಿಂದು?"

"ಎರಡು... ಅತ್ತೀ, ಅದು ಆಟ ಅಂತ ಹೇಳಾಕತ್ತೇನಲ್ಲ!"

"ಎರಡ ಅಂತಸ್ತಿನ ಮನಿ ನನ್ನ ಹೆಸರೀಲೆ ಮಾಡಿ, ನನಗಽ ಹೇಳದ ಕುಂತೀ ಏನಲೇ ಸುಧ್ಯಾ? ಉತಾರದ ಕಾಗದ ತಗೊಂಡ ಬಾ, ನೋಡೂನು."

"ಅದಕ್ಕ ಉತಾರ ಇರೂದಿಲ್ಲ."

"ಉತಾರ ಇಲ್ಲದ ಮನಿಗೆ ನನ್ನ ಅಂಕಿ ಯಾಕ ಬೇಕೋ? ನಿಮ್ಮಪ್ಪನೂ ಅಂದು ಹಿಂಗಽ ಬಂದಿದ್ದ. ಬರೇ ಒಂದು ಸಹಿ ಗಂಗಾ, ಅಂದ. ಇಳಕಲ್ ಸೀರಿ ಉಡಿಸಿದ, ಹೊಲದಾಗಿನ ನನ್ನ ಪಾಲು ಬಿಡಿಸಿಕೊಂಡ. ಸೀರಿ ಹರದು ಚಿಂದಿ ಆತು, ಹೊಲ ಇನ್ನೂ ನಿಮ್ಮ ಕಡೆನಽ ಐತಿ. ಅವತ್ತಽ ಆಣಿ ಮಾಡೇನಿ. ಅಣ್ಣಗ ಆಗಲಿ, ಅಣ್ಣನ ಮಗಗ ಆಗಲಿ, ಸಹಿ ಇಲ್ಲ, ಹೆಬ್ಬಟ್ಟಿಲ್ಲ, ಅಂಕಿನೂ ಇಲ್ಲ. ಇಡು ಫೋನ!"

"ಸುಧೀರಭಾಯಿ, ಮೈಕ್ ಚಾಲೂ ಐತ್ರಿ" ಎಂದಳು ನಿಖತ.

ಸುಧೀರ ಮತ್ತೆ ಹಚ್ಚಿದ, ಹಚ್ಚುತ್ತಲೇ ಇದ್ದ. ಗಂಗಾಬಾಯಿ ಎತ್ತಲಿಲ್ಲ. ಬಬಲೇಶ್ವರಕ್ಕೆ ಗಾಡಿ ಓಡಿಸಿ ಹೋಗುವಷ್ಟು ಹೊತ್ತೂ ಉಳಿದಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಎರಡಂತಸ್ತಿನ ಮನೆ ಬಿತ್ತು, ಹಲಗೆ ಎದ್ದಿತು.

"ಯಾರೂ ಮುಟ್ಟಬ್ಯಾಡ್ರಿ" ಎಂದು ಸುಧೀರ ಸಾರಿದ. "ಅದು ನಮ್ಮ ಮನೀದು. ನನ್ನ ಭಾವನ ಹೆಸರೀಲೆ ಹೊಸಾ ಖಾತೆ ತಗದೇನಿ, ನಾನಽ ಒತ್ತತೇನಿ."

ಅಷ್ಟರಲ್ಲಿ ವಿಶಾಖಾ ಹಲಗೆಯ ಮುಂದೆ ನಿಂತಿದ್ದಳು.

"ಏ, ಸರಿ ಅಲ್ಲಿಂದ."

"ಹಲಗಿ ಎಲ್ಲಾರದೂ ಅಲ್ಲೇನ್ರಿ?"

"ತಂಡದಾಗ ಇರಬೇಕಂದ್ರ ಹೇಳಿದ್ದ ಕೇಳು. ಯಾರ ಜಾಗಾ ಎಲ್ಲಿ ಅನ್ನೂದು ಅವರವರಿಗೆ ತಿಳಿದಿರಬೇಕು."

"ತಿಳದೈತ್ರಿ. ಟಿಕೋಟಾದಾಗ ಮನಿ ಎಲ್ಲಿ ಅಂತ ನೀವು ಕೇಳಿದ ದಿನಾನಽ ತಿಳದೈತಿ."

"ನಾ ಎಂದೂ ಜಾತಿ ಮಾತು ಎತ್ತಿಲ್ಲ, ನೆಪ್ಪಿಟ್ಕೋ!"

"ನೀವು ಎತ್ತಂಗಿಲ್ರಿ. ನೀರು ಕುಡೀತೀರಿ."

ಮರುಕ್ಷಣ ಅವಳನ್ನು ಕರೆಯಿಂದಲೂ ತಂಡದಿಂದಲೂ ತೆಗೆದುಹಾಕಿದ. ಎರಡು ವರ್ಷ ಬದುಕಿಸಿದವಳನ್ನು ಒಂದು ಗುಂಡಿ ಒತ್ತಿ ಹೊರಗೆ ಹಾಕಿದ. ಆದರೆ ಹಲಗೆಯ ಮುಂದಿನಿಂದ ತೆಗೆಯಲು ಅವನಿಗೆ ಯಾವ ಗುಂಡಿಯೂ ಇರಲಿಲ್ಲ. ಇವಳು ಒತ್ತಿದಳು, ಅವನೂ ಒತ್ತಿದ. ಒಂದು ಗಂಟೆ, ಎರಡು ಗಂಟೆ, ಮೂರು.

ಅವಳ ತಾಯಿ ಹನಮವ್ವ ಅಂಗಳದಲ್ಲಿ ಮಣೂಕ ಆರಿಸುತ್ತಾ ಇದನ್ನೆಲ್ಲ ನೋಡುತ್ತಿದ್ದಳು. ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ತೊಟ್ಟು ಬಿಡಿಸಿ, ಕಪ್ಪಗಾದದ್ದನ್ನು ತೆಗೆದು ಇಪ್ಪತ್ತೈದು ವರ್ಷ ಪಳಗಿದ ಕೈ.

"ಮಧ್ಯಾನ್ನದಿಂದ ಏನು ತಿಗಣಿ ಕೊಲ್ಲಾಕತ್ತಿ ಏನಬೇ?"

ವಿಶಾಖಾ ಮನೆಯ ಸಂಗತಿ ಹೇಳಿದಳು.

"ಅದರಾಗ ಇರಾಕ ಬರತೈತೇನು?"

"ಇಲ್ಲಬೇ."

"ಮತ್ಯಾಕ ಇಷ್ಟ ಬಡದಾಟ?"

ವಿಶಾಖಾ ಖಾನಾವಳಿಯ ಸಂಗತಿಯನ್ನೂ ಹೇಳಿದಳು. ಹನಮವ್ವ ಎದ್ದು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು.

"ತಾ ಇಲ್ಲೆ. ನೀ ಉಣ್ಣು ಹೋಗು. ಎಲ್ಲಿ ಒತ್ತಬೇಕು?"

ನಾಲ್ಕೂವರೆ ದಾಟಿತ್ತು. ವಿಶಾಖಾ ಎರಡನೇ ರೊಟ್ಟಿಗೆ ಕೈ ಹಾಕುವಾಗ ಹೊರಗಿನಿಂದ ಕೂಗು ಬಂತು. "ಯವ್ವಾ, ಹಸರ ಬಣ್ಣದ್ದು ಏನೋ ಬಂತ ನೋಡ. ಕೆಡಿಸಿದೆ ಏನು?"

ಕೆಡಿಸಿರಲಿಲ್ಲ. ಪ್ಲಾಟು ವಿಶಾಖಾಳದಾಗಿತ್ತು.

ಇಲ್ಲಿಗೆ ಎಲ್ಲರೂ ಚಪ್ಪಾಳೆ ತಟ್ಟಿ ಬರಮಾಡಿಕೊಂಡರು ಎಂದು ಹೇಳಿದರೆ ನಿಮಗೆ ಹಿತವಾಗಿರುತ್ತಿತ್ತು. ಆಗಲಿಲ್ಲ. ಹತ್ತು ನಿಮಿಷದಲ್ಲಿ ಓಣಿಯವರು ತಂತಮ್ಮ ಕುದುರೆಗಳನ್ನು ತಂದು ಅವಳ ಪ್ಲಾಟಿನ ಸುತ್ತ ನಿಲ್ಲಿಸಿದರು. ಓಣಿಗೆ ಹೊಲಸು ಹತ್ತಿತು ಎಂದು ಒಬ್ಬ ಓಣಿಯ ಎಲ್ಲರಿಗೂ ಕಾಣುವಂತೆ ಬರೆದ. ಅದರ ಕೆಳಗೆ ಹದಿನಾಲ್ಕು ಜನ ನಗುವ ಮುಖ ಹಾಕಿದರು. ಅವಳು ಲೆಕ್ಕ ಇಟ್ಟಿದ್ದಾಳೆ, ಹೆಸರು ಸಮೇತ. ನಿಖತ ಮಾತ್ರ ಗುಟ್ಟಾಗಿ ಬರೆದಳು: "ಮುಬಾರಕ್ ಅಕ್ಕಾ. ಆದ್ರ ಓಣ್ಯಾಗ ನನ್ನ ಮಾತಾಡಸಬ್ಯಾಡ, ನನ್ನೂ ತಗೀತಾರ." ನಾನಾದರೆ ಬೈದೇ ಬಿಡುತ್ತಿದ್ದೆ.

ಕೊನೆಗೆ ಸುಧೀರನ ಸಂದೇಶ ಬಂತು: "ಒಬ್ಬಾಕೀನಽ ಅಲ್ಲಿ ಎಷ್ಟ ದಿನ ಇರತಿ, ನಾನೂ ನೋಡತೇನಿ."

"ನೋಡ್ರಿ" ಎಂದು ಬರೆದಳು. "ಕಿಡಕಿ ನಿಮ್ಮ ಮನಿ ಕಡೆನಽ ಇಡಸೇನಿ."

ಮನೆ ಎದ್ದು ನಿಂತಿದೆ. ಆಟದ ಕುದುರೆಗಳ ಮೈಯೊಳಗಿಂದಲೇ ದಾಟಿ ಹೋಗಬಹುದಂತೆ. ಅವಳು ದಿನಾ ದಾಟಿಕೊಂಡು ಒಳಗೆ ಹೋಗುತ್ತಾಳೆ, ದೀಪ ಹಚ್ಚುತ್ತಾಳೆ, ಕೂಡುತ್ತಾಳೆ. ಯಾರೂ ಮಾತಾಡಿಸುವುದಿಲ್ಲ. ಬೇಸರ ಆಗುವುದಿಲ್ಲವೇ ಎಂದು ಕೇಳಿದೆ.

"ಅವರ ಸಂಗಾಟ ಮಾತಾಡಾಕ ನಾ ಮನಿ ತಗೊಂಡಿಲ್ಲ ಅಜ್ಜಾ" ಎಂದಳು.

ಆಯಿತು, ಇಷ್ಟೇ. ಕೇಳಿ ಅಳಿಸಿಬಿಡಬೇಡಿ, ನಿಮ್ಮ ನಿಮ್ಮ ಗುಂಪುಗಳಿಗೆ ಮುಂದೆ ಕಳಿಸಿ. ಸುಧೀರನ ನಂಬರ್ ಯಾರ ಹತ್ತಿರವಾದರೂ ಇದ್ದರೆ ಅವನಿಗೂ ಕಳಿಸಿ, ಹೇಳಿದವನು ನಾನೇ ಎಂದು ತಿಳಿಸಿ.