ಊಟದ ಹೊತ್ತು

ನಡುಮನೆಯಲ್ಲಿ ಮಲಗಿಸಿದ್ದ ವಿಜ್ಞಾನಿಯ ಕೈಗಡಿಯಾರ ಬೀಪ್ ಬೀಪ್ ಎಂದು ಕೂಗತೊಡಗಿದಾಗ ಅವರ ತಮ್ಮ ಹೌಹಾರಿ, ಹೂವಿನ ಕೆಳಗೆ ಕೈ ತೂರಿಸಿ ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತಿದ. ಅದು ನಿಲ್ಲಲಿಲ್ಲ.

"ಅತ್ತಿಗೆ, ಇದನ್ನ ಬಿಚ್ಚಿಡಬಾರದಿತ್ತಾ?"

"ಮನಸ್ಸು ಬರಲಿಲ್ಲಪ್ಪ," ಎಂದರು ಹೆಂಡತಿ.

ಹನ್ನೊಂದು ಗಂಟೆಯಾಗಿತ್ತು. ಗೋಡೆಗೊರಗಿ ಕೂತಿದ್ದ ಲ್ಯಾಬಿನ ಸಹಾಯಕಿ ತಟ್ಟನೆ ಎದ್ದು ಬಂದು, ಒಂದೇ ಬೆರಳಲ್ಲಿ ಅದರ ಬಾಯಿ ಮುಚ್ಚಿಸಿದಳು. ಇಪ್ಪತ್ತೆರಡು ವರ್ಷ ಅವರ ಪಕ್ಕದ ಸ್ಟೂಲಿನಲ್ಲಿ ಕೂತು ಕೆಲಸ ಮಾಡಿದವಳು ಅವಳು.

"ಅಯ್ಯೋ, ಊಟ!" ಎಂದಳು.

ಬಂದವರು ಮುಖ ಮುಖ ನೋಡಿಕೊಂಡರು. ಹೆಣ ಎದುರಿಗಿರುವಾಗ ಊಟದ ಮಾತೇ? ಅರ್ಥವಾದದ್ದು ಹೆಂಡತಿಗೆ ಮಾತ್ರ.

*

ಮದುವೆಯಾದ ಹೊಸತರಲ್ಲಿ ನೆಂಟರ ಮನೆಗೆ ಹೋಗಿದ್ದರು. ತಟ್ಟೆಗೆ ಬಡಿಸಿಯಾದ ಮೇಲೆ ಗಡಿಯಾರ ನೋಡಿ, "ಊಟದ ಹೊತ್ತಾಯ್ತು, ಬರ್ತೀನಿ" ಎಂದು ಗಂಡ ಎದ್ದೇಬಿಟ್ಟಿದ್ದರು. ಇವನಿಗೆ ಇನ್ನೊಂದು ಮನೆಯಿದೆ ಎಂದು ನೆಂಟರು ಗುಸುಗುಸು ಮಾಡಿದರು. ಹೆಂಡತಿಗೂ ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ.

"ಊಟ ನನಗಲ್ಲ, ನನ್ನ ಟಿ ಕೋಶಗಳಿಗೆ ಕಣೇ," ಎಂದು ಆಮೇಲೆ ಬಿಡಿಸಿ ಹೇಳಿದ್ದರು. "ರಕ್ತದಲ್ಲಿರೋ ಕಾವಲುಗಾರರು ಅವು. ಎದುರಿಗೇ ಕೂತಿರೋ ಕ್ಯಾನ್ಸರನ್ನ ಎಷ್ಟೋ ಸಲ ಗುರುತು ಹಿಡಿಯಲ್ಲ. ರೋಗಿ ಮೈಯಿಂದ ಹೊರಗೆ ತೆಗೆದು, ಗುರುತು ಕಲಿಸಿ, ಸಾಕಿ, ವಾಪಸ್ ಮೈಯೊಳಗೆ ಕಳಿಸಬೇಕು. ಹೊತ್ತಿಗೆ ಸರಿಯಾಗಿ ಹೊಸ ದ್ರವ ಹಾಕದಿದ್ರೆ ಸಾಯ್ತಾವೆ."

"ಮನೇಲಿ ಎದುರಿಗೇ ಕೂತಿರೋಳನ್ನ ಗುರುತು ಹಿಡಿಯೋದನ್ನ ನಿಮಗೆ ಯಾರು ಕಲಿಸ್ತಾರೆ?"

ಅವರು ನಕ್ಕಿದ್ದರು. ನಕ್ಕು, ಲ್ಯಾಬಿಗೆ ಹೋಗಿದ್ದರು. ಕಣ್ಣಿಗೆ ಕಾಣದ ಆ ಸವತಿಯರ ಮೇಲೆ ಹೆಂಡತಿಗಿದ್ದ ಹೊಟ್ಟೆಕಿಚ್ಚು ಕೊನೆಯವರೆಗೂ ಹೋಗಲಿಲ್ಲ.

*

"ನೆನ್ನೆಯಿಂದ ಗಾಬರೀಲಿ ಮರೆತೇಬಿಟ್ಟಿದ್ದೆ," ಎಂದಳು ಸಹಾಯಕಿ. "ಆ ಕೋಶಗಳನ್ನ ನಾಡಿದ್ದು ಪೇಶೆಂಟಿಗೆ ಕೊಡ್ಬೇಕಮ್ಮ. ಇನ್ನೊಂದ್ಸಲ ರಕ್ತ ತೆಗೆಸ್ಕೊಳ್ಳೋ ತ್ರಾಣ ಆಕೆಗಿಲ್ಲ. ಇರೋದು ಇದೊಂದೇ."

"ಬೇರೆ ಯಾರೂ ಇಲ್ವಾ?"

"ಸಾರ್ ಬಿಟ್ರೆ ನಾನೇ. ಇನ್ಯಾರ ಕೈಗೂ ಆ ಕೆಲಸ ಕೂತಿಲ್ಲ." ಬಾಗಿಲಲ್ಲಿ ಹೆಣ ಒಯ್ಯುವ ಗಾಡಿ ಬಂದು ನಿಂತಿತ್ತು. ಅವಳು ಅದನ್ನೊಮ್ಮೆ, ಹೂವಿನಡಿಯ ಮುಖವನ್ನೊಮ್ಮೆ ನೋಡಿದಳು. "ಈಗ ಹೋದ್ರೆ ಸಾರ್‌ನ ಕಳಿಸಿಕೊಡೋಕೆ ನಾನಿರಲ್ಲ..."

"ಹೋಗಿ ಬಾ. ನೀನು ಬರೋವರೆಗೂ ಎತ್ತಲ್ಲ."

"ಅತ್ತಿಗೆ!" ಮೈದುನ ದನಿ ಏರಿಸಿದ. "ಹೆಣ ಇಟ್ಕೊಂಡು ಕಾಯೋದಾ? ಜನ ಏನಂತಾರೆ?"

"ಮೂವತ್ತು ವರ್ಷ ನನ್ನ ಕಾಯಿಸಿದಾರೆ. ಇವತ್ತೊಂದಿನ ಅವರು ಕಾಯ್ಲಿ ಬಿಡು."

ಯಾರೋ ನಗು ತಡೆದುಕೊಂಡರು. ನಿನ್ನೆಯಿಂದ ಬಾರದಿದ್ದ ಅಳು ಹೆಂಡತಿಗೆ ಆಗ ಬಂತು.

ಸಹಾಯಕಿ ತಿರುಗಿ ಬಂದಾಗ ಮಧ್ಯಾಹ್ನ ಒಂದು ಗಂಟೆ ಆಗಿಹೋಗಿತ್ತು. ಹಣೆಯಲ್ಲಿ ಲ್ಯಾಬ್ ಟೋಪಿಯ ಗೆರೆ ಇನ್ನೂ ಇತ್ತು, ಕೈ ಸ್ಪಿರಿಟ್ ವಾಸನೆ ಹೊಡೆಯುತ್ತಿತ್ತು.

"ಉಂಡ್ವಾ?"

"ಉಂಡ್ವಮ್ಮ. ಚೆನ್ನಾಗಿವೆ."

ಹೆಂಡತಿ ಬಗ್ಗಿ ಅದನ್ನು ಗಂಡನ ಕಿವಿಯಲ್ಲಿ ಹೇಳಿದರು. ಆಮೇಲೆ ಆ ಗಡಿಯಾರ ಬಿಚ್ಚಿ ಸಹಾಯಕಿಯ ಕೈಗೆ ಕಟ್ಟಿದರು. ಬೆಲ್ಟಿನ ಕೊನೆಯ ತೂತಿಗೆ ಸಿಕ್ಕಿಸಿದರೂ ಸಡಿಲವೇ.

ಮೈದುನ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ. ಅವಳು ಚಟ್ಟಕ್ಕೆ ಹೆಗಲು ಕೊಟ್ಟು ಕೈ ಮೇಲೆತ್ತಿದಾಗ ಗಡಿಯಾರ ಜಾರಿ ಮೊಣಕೈಗೆ ಬಂದು ನಿಂತಿತು.